ಆ ಸದ್ದು ನಿಂತ ದಿನ

ಆಗ ನಮ್ಮ ಅಪಾರ್ಟ್‌ಮೆಂಟ್ ಪಕ್ಕದಲ್ಲೇ ಒಂದು ಕಟ್ಟಡ ಏಳುತ್ತಿತ್ತು. ಬೆಳಗ್ಗೆ ಎಂಟಕ್ಕೇ ಶುರುವಾಗುವ ಆ ಸದ್ದಿಗೆ ನಾನು ಬೈಯದ ದಿನವಿಲ್ಲ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯ್ತು, ಸದ್ದು ನಿಂತಿತು. ‘ಸದ್ಯ, ಮೀಟಿಂಗ್‌ಗಳಲ್ಲಿ ಇನ್ನು ಮ್ಯೂಟ್ ಮಾಡೋ ಕಾಟ ಇಲ್ಲ’ ಅಂದುಕೊಂಡೆ. ತಗಡಿನ ಶೆಡ್‌ಗಳಲ್ಲಿದ್ದವರು ಎಲ್ಲಿ ಹೋದರು ಅಂತ ಯೋಚಿಸಲೇ ಇಲ್ಲ.

ಯೋಚಿಸುವಂತೆ ಮಾಡಿದ್ದು 2024ರಲ್ಲಿ ತೆರೆಗೆ ಬಂದ ‘ಫೋಟೋ’, ಉತ್ಸವ್ ಗೋನವಾರ ಅವರ ಮೊದಲ ಸಿನಿಮಾ. ರಾಯಚೂರು ಕಡೆಯ ಹುಡುಗ ದುರ್ಗ್ಯಾನಿಗೆ ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳುವ ಆಸೆ. ಬೆಂಗಳೂರಲ್ಲಿ ಕೂಲಿ ಮಾಡುವ ಅಪ್ಪನ ಹತ್ತಿರ ಬರ್ತಾನೆ. ಅಷ್ಟರಲ್ಲಿ ಲಾಕ್‌ಡೌನ್. ಬಸ್ಸಿಲ್ಲ, ಕೆಲಸವಿಲ್ಲ. ಅಪ್ಪ-ಮಗ ನಡೆದೇ ಊರಿನ ದಾರಿ ಹಿಡಿಯುತ್ತಾರೆ. ಇಲ್ಲಿಂದ ರಾಯಚೂರಿಗೆ ಸುಮಾರು 400 ಕಿಲೋಮೀಟರ್.

ನಾನೂ ಹೊರಗಿನಿಂದ ಬಂದವನೇ. ಕೆಲಸ ಸಿಕ್ಕ ಮೊದಲ ಭಾನುವಾರ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಅಮ್ಮನಿಗೆ ಕಳಿಸಿದ್ದೆ. ಅದಕ್ಕೆ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದಾಳೆ. ದುರ್ಗ್ಯಾನ ಆಸೆ ನನ್ನದೇ ಆಸೆ. ಆದರೆ ಅವನಂಥವರು ನಡೆಯುತ್ತಿದ್ದಾಗ ನಾನು ವೈಫೈ ಸ್ಲೋ ಅಂತ ಗೊಣಗುತ್ತಿದ್ದೆ.

ಆ ಕಟ್ಟಡ ಮುಗಿದಿದೆ. ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿವೆ. ಕಟ್ಟಿದವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ಹೋದ ವಾರ ಎದುರಿನ ಸೈಟಲ್ಲಿ ಹೊಸ ಕೆಲಸ ಶುರುವಾಯ್ತು, ಬೆಳಗ್ಗೆ ಎಂಟಕ್ಕೇ. ಭಾನುವಾರ ಹಾಲು ತರಲು ಹೋದಾಗ ಶೆಡ್ ಮುಂದೆ ಕೂತಿದ್ದವರನ್ನು ಕೇಳಿದೆ, “ಯಾವೂರಣ್ಣ ನಿಮ್ದು?”

“ಲಿಂಗಸೂರು ಕಡಿ ರೀ ಸರ್,” ಅಂದರು. “ಯಾಕ್ರೀ, ಏನಾತು? ಭಾಳ ಸಪ್ಪಳ ಆಗಾಕತ್ತೈತೇನು?”