ಧನವಿನಿಯೋಗದ ಒಂದು ವಾಕ್ಯ

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ರೈತಸಂಘಗಳ ಪರವಾಗಿ ಸಂಸತ್ತಿನ ಸದಸ್ಯರನ್ನು ಕಂಡು ಮನವಿ ಮಾಡುವುದೇ ನಿವೃತ್ತಿಯವರೆಗೆ ನನ್ನ ಉದ್ಯೋಗವಾಗಿತ್ತು. ಇದಕ್ಕೆ ‘ಲಾಬಿ’ ಎಂದು ಹೆಸರು. ನಮ್ಮಲ್ಲಿ ಆ ಶಬ್ದಕ್ಕೆ ಅಂಟಿರುವ ಅಪಕೀರ್ತಿ ಅಲ್ಲಿಯೂ ಇಲ್ಲದಿಲ್ಲ. ಆದರೆ 1995ರ ಕಾಯಿದೆಯಂತೆ ಹೆಸರು ನೋಂದಾಯಿಸಿ, ಯಾರ ಪರವಾಗಿ, ಯಾವ ವಿಷಯಕ್ಕಾಗಿ ದುಡಿಯುತ್ತಿದ್ದೇವೆಂಬುದನ್ನು ನಾವು ಬಹಿರಂಗವಾಗಿ ತಿಳಿಸಬೇಕು.

ಈ ಕೆಲಸದ ತಿರುಳು ಹಣ. ಕೆಲವು ವರ್ಷಗಳಿಗೊಮ್ಮೆ ಬರುವ ಕೃಷಿ ಕಾಯಿದೆಯು ಒಂದು ಯೋಜನೆಗೆ ಒಪ್ಪಿಗೆ ನೀಡಬಹುದು. ಅನೇಕ ಯೋಜನೆಗಳಿಗೆ ಹಣ ದೊರೆಯುವುದು ಮಾತ್ರ ವರ್ಷವರ್ಷದ ಧನವಿನಿಯೋಗ ವಿಧೇಯಕದಿಂದ. ಆರ್ಥಿಕ ವರ್ಷ ಅಕ್ಟೋಬರ್ 1ರಂದು ಆರಂಭ. ವಿಧೇಯಕ ಅಷ್ಟರೊಳಗೆ ಮುಗಿಯುವುದು ಅಪರೂಪ. ಹಣ ಕೊಡುವ ಅಧಿಕಾರವುಳ್ಳವರಿಗೆ ಕೊಡದಿರುವ ಅಧಿಕಾರವೂ ಉಂಟು. ಅದರ ಬಲವನ್ನು ನಾನು ಕಂಡದ್ದು ಕುದುರೆಗಳ ವಿಷಯದಲ್ಲಿ.

ಆ ದೇಶದಲ್ಲಿ ತಪಾಸಣೆಯಾಗದ ಮಾಂಸವನ್ನು ಮಾರುವಂತಿಲ್ಲ. ವಧೆಗೆ ಬರುವ ಕುದುರೆಗಳನ್ನು ಪರೀಕ್ಷಿಸುವವರ ವೇತನಕ್ಕೆ ಸರ್ಕಾರದ ಹಣ ಬಳಸಕೂಡದೆಂಬ ವಾಕ್ಯವೊಂದು 2005ರಲ್ಲಿ ಕೃಷಿ ಇಲಾಖೆಯ ವಿಧೇಯಕಕ್ಕೆ ಸೇರಿತು. ವಧೆ ನಿಷಿದ್ಧವೆಂದು ಅದರಲ್ಲಿ ಎಲ್ಲಿಯೂ ಹೇಳಿರಲಿಲ್ಲ. ಕಸಾಯಿಖಾನೆಗಳು ತಾವೇ ಶುಲ್ಕ ತೆತ್ತು ಕೆಲಕಾಲ ತಪಾಸಣೆ ನಡೆಸಿಕೊಂಡವು. ರಾಜ್ಯಗಳ ಕಾನೂನುಗಳೂ ನ್ಯಾಯಾಲಯಗಳ ತೀರ್ಪುಗಳೂ ಎದುರಾಗಿ, 2007ರಲ್ಲಿ ಟೆಕ್ಸಸ್‌ನ ಎರಡೂ ಇಲಿನಾಯ್‌ನ ಒಂದೂ ಕಾರ್ಖಾನೆ ಮುಚ್ಚಿದವು. ನನಗಾದ ಸಂತೋಷವನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಆದರೆ 2011ರ ಸರ್ಕಾರಿ ಲೆಕ್ಕಪರಿಶೋಧನಾ ವರದಿಯು ಬೇರೊಂದು ಸಂಗತಿಯನ್ನು ಹೇಳಿತು. ಹಿಂದಿನ ಒಂದೇ ವರ್ಷ ಸುಮಾರು 1,38,000 ಕುದುರೆಗಳು ವಧೆಗಾಗಿ ಕೆನಡಾ, ಮೆಕ್ಸಿಕೋಗಳಿಗೆ ಸಾಗಿದ್ದವು. ಸಂಖ್ಯೆ ಇಳಿದಿರಲಿಲ್ಲ, ಪಯಣ ದೀರ್ಘವಾಗಿತ್ತು.

ಆ ವರ್ಷದ ನವೆಂಬರಿನಲ್ಲಿ ವಿಧೇಯಕದಿಂದ ಆ ವಾಕ್ಯವನ್ನು ಕೈಬಿಡಲಾಯಿತು. ಅದನ್ನು ಮತ್ತೆ ಸೇರಿಸಬಾರದೆಂಬ ಮನವಿಯನ್ನು ಸದಸ್ಯರ ಬಳಿಗೆ ಒಯ್ಯಬೇಕೆಂದು ಸಂಘವೊಂದು ನಮ್ಮ ಕಚೇರಿಯನ್ನು ಕೋರಿತು. ದೂರದ ಪಯಣದ ಯಾತನೆಗಿಂತ ಸಮೀಪದ ಮರಣವೇ ಲೇಸೆಂಬ ಅವರ ವಾದವನ್ನು ಕಪಟವೆಂದು ತಳ್ಳಿಹಾಕಲಾರೆ. ಅವರಲ್ಲಿ ಪಶುವೈದ್ಯರೂ ಇದ್ದರು. ನಾನು ಒಯ್ಯಲಾರೆನೆಂದೆ. ಮೇಲಿನವರು ಬೇಸರಿಸಲಿಲ್ಲ, ಪಕ್ಕದ ಮೇಜಿನ ಸಹೋದ್ಯೋಗಿ ಒಯ್ದರು. ಆ ಸಂಘ ತೆತ್ತ ಶುಲ್ಕ ಸೇರಿದ್ದು ನನ್ನ ವೇತನವೂ ಬರುತ್ತಿದ್ದ ಬೊಕ್ಕಸಕ್ಕೇ.

ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನು ಬಾಲ್ಯದಲ್ಲಿ ಬಸದಿಯ ಪಾಠಶಾಲೆಯಲ್ಲಿ ಕಲಿತವನು ನಾನು. ಲಾಬಿಯವನಿಗೆ ತನ್ನ ಕೈಯಿಂದ ಮಾಡಿದ ಕೃತವೆಂಬುದು ಇಲ್ಲವೇ ಇಲ್ಲ. ಅವನ ವೃತ್ತಿಯೆಲ್ಲ ಕಾರಿತ. ಆದರೆ ಅನುಮೋದನೆ ಎಲ್ಲಿಂದ ಆರಂಭವಾಗುತ್ತದೆ? ಪಕ್ಕದ ಮೇಜಿನಿಂದಲೋ, ತಿಂಗಳ ವೇತನದಿಂದಲೋ? ಊರಿಗೆ ಬಂದಾಗ ಹಿರಿಯ ಪಂಡಿತರೊಬ್ಬರಲ್ಲಿ ಇದನ್ನು ಅರಿಕೆ ಮಾಡಿಕೊಂಡೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಆ ಕುದುರೆಗಳನ್ನು ಮೊದಲು ಮಾರಿದವರು ಯಾರಪ್ಪಾ?” ಎಂದು ಕೇಳಿದರು. ಸಾಕಿದವರೇ, ಎಂದೆ.

2014ರ ಜನವರಿಯಲ್ಲಿ ಆ ವಾಕ್ಯ ವಿಧೇಯಕಕ್ಕೆ ಮರಳಿತು. ನಡುವಿನ ಅವಧಿಯಲ್ಲಿ ಯಾವ ಕಾರ್ಖಾನೆಯೂ ಕೆಲಸ ಆರಂಭಿಸಿರಲಿಲ್ಲ. ಧನವಿನಿಯೋಗದ ವಾಕ್ಯಕ್ಕೆ ಆಯುಷ್ಯ ಒಂದೇ ವರ್ಷ. ಪ್ರತಿ ಸಲವೂ ಹೊಸದಾಗಿ ಬರೆಯಬೇಕು. ಗಡಿ ದಾಟುವ ಲಾರಿಗಳ ವಿಷಯವಾಗಿ ಅದರಲ್ಲಿ ಒಂದು ಮಾತೂ ಇರಲಿಲ್ಲ.