ಗೆದ್ದವನ ಪರೀಕ್ಷೆ

ಹಾರವಾಡದಿಂದ ಕರಾವಳಿಯ ಹಾದಿಯಲ್ಲಿ ದಕ್ಷಿಣಕ್ಕೆ ಸಾಗಿ, ಗಂಗಾವಳಿ, ಅಘನಾಶಿನಿ ನದಿಗಳನ್ನು ದಾಟಿ, ಹೊನ್ನಾವರದಲ್ಲಿ ಒಳನಾಡಿನತ್ತ ತಿರುಗಿದರೆ ಶರಾವತಿಯ ದಡದ ಗೇರುಸೊಪ್ಪೆ ಸಿಗುತ್ತದೆ. ಕಾಡಿನ ನಡುವೆ ನಿಂತಿರುವ ಚತುರ್ಮುಖ ಬಸದಿಯು ಅಲ್ಲಿನ ಗತವೈಭವದ ಸಾಕ್ಷಿ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಈ ನಾಡನ್ನು ಆಳಿದವಳು ಜೈನರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು 'ಕಾಳುಮೆಣಸಿನ ರಾಣಿ' ಎಂದು ಕರೆದರು. ಸುಮಾರು 1606ರಲ್ಲಿ ಕೆಳದಿಯ ವೆಂಕಟಪ್ಪ ನಾಯಕನಿಗೆ ಸೋತ ಆ ವೃದ್ಧ ರಾಣಿ ಸೆರೆಯಲ್ಲಿಯೇ ಕೊನೆಯುಸಿರೆಳೆದಳು.

ಸೋತ ಅರಸರನ್ನು ಗೆದ್ದವರು ಹೇಗೆ ನಡೆಸಿಕೊಳ್ಳಬೇಕು? ಪ್ರಾಚೀನ ರೋಮನ್ನರು ಇದನ್ನೊಂದು ಉತ್ಸವವನ್ನಾಗಿಯೇ ಮಾಡಿದ್ದರು. ವಿಜಯೀ ಸೇನಾನಿಯ ರಥದ ಮುಂದೆ, ಜನರ ಜಯಘೋಷದ ನಡುವೆ ಸೆರೆಯಾಳು ನಡೆಯಬೇಕಿತ್ತು. ಗಾಲ್ ನಾಡಿನ ನಾಯಕ ವೆರ್ಸಿಂಗೆಟೊರಿಕ್ಸ್ ಕ್ರಿ.ಪೂ. 52ರಲ್ಲಿ ಸೀಸರನಿಗೆ ಶರಣಾದನು. ಅವನನ್ನು ಆರು ವರ್ಷ ಸೆರೆಯಲ್ಲಿಟ್ಟು, ಕ್ರಿ.ಪೂ. 46ರ ಮೆರವಣಿಗೆಯಲ್ಲಿ ನಡೆಸಿ, ಬಳಿಕ ಕೊಲ್ಲಲಾಯಿತು. ಎಲ್ಲರಿಗೂ ಮರಣವೇ ವಿಧಿಯಾಗಿರಲಿಲ್ಲ. ಬ್ರಿಟನ್ನಿನ ಕರಾಟಕಸನನ್ನು ಚಕ್ರವರ್ತಿ ಕ್ಲಾಡಿಯಸನು ಕ್ಷಮಿಸಿದನು. ಆದರೆ ಅದೂ ಜನರೆದುರು ಮೆರೆಸಿದ ಬಳಿಕವೇ. ಕ್ಷಮೆಯೂ ಅಲ್ಲಿ ವಿಜಯದ ಆಭರಣವಾಗಿತ್ತು.

ಜೈನರೂ ಯುದ್ಧ ಮಾಡದವರಲ್ಲ. 'ವೈರಿಕುಲಕಾಲದಂಡ' ಎಂಬ ಬಿರುದು ಹೊತ್ತವನು ಗಂಗರ ಸೇನಾನಿ ಚಾವುಂಡರಾಯ. ಆದರೆ ಆತನು 10ನೆಯ ಶತಮಾನದ ಕೊನೆಯಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಲ್ಲಿಸಿದ್ದು ಗೆದ್ದುದನ್ನು ಬಿಟ್ಟುಕೊಟ್ಟ ಬಾಹುಬಲಿಯ ಮೂರ್ತಿಯನ್ನು. ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಎತ್ತಿಯೂ ನೆಲಕ್ಕೆ ಅಪ್ಪಳಿಸದೆ, ರಾಜ್ಯವನ್ನು ಅವನಿಗೇ ಬಿಟ್ಟು ಬಾಹುಬಲಿ ತಪಸ್ಸಿಗೆ ನಿಂತನು. ಆಗಲೂ ಭರತನಿಗೆ ತನ್ನಿಂದ ನೋವಾಯಿತೆಂಬ ಅಳಲು ಅವನ ಮನದಲ್ಲಿ ಉಳಿದಿತ್ತೆಂದೂ, ಭರತನೇ ಬಂದು ಪೂಜಿಸಿದಾಗ ಕೇವಲಜ್ಞಾನ ಪ್ರಾಪ್ತವಾಯಿತೆಂದೂ ಜಿನಸೇನಾಚಾರ್ಯರ ಆದಿಪುರಾಣ ತಿಳಿಸುತ್ತದೆ. ಸೋತವನ ನೋವು ಗೆದ್ದವನ ಬಂಧನವೂ ಹೌದು ಎಂಬುದೇ ಇದರ ತಾತ್ಪರ್ಯ.

ಇಂದು ರಥವಿಲ್ಲ, ಸಂಕೋಲೆಯಿಲ್ಲ. ಆದರೆ ಆಸ್ತಿಯ ದಾವೆ ಗೆದ್ದ ದಿನ ದಾಯಾದಿಯ ಮನೆಯೆದುರು ಪಟಾಕಿ ಸಿಡಿಸುವವರಿದ್ದಾರೆ. ಬಸದಿಯ ಆಡಳಿತ ಮಂಡಳಿಯ ಚುನಾವಣೆಯಲ್ಲಿ ಸೋತ ಹಿರಿಯರನ್ನು ಮರುದಿನದ ಅಭಿಷೇಕಕ್ಕೆ ಕರೆಯದವರೂ ಇದ್ದಾರೆ. ವ್ಯಾಪಾರಿ ತನ್ನ ಖಾತೆಯಲ್ಲಿ ತನ್ನ ಲಾಭನಷ್ಟಗಳನ್ನಷ್ಟೇ ಬರೆಯುತ್ತಾನೆ. ಆತ್ಮದ ಖಾತೆಯಲ್ಲಿ ಎದುರಾಳಿಯ ನೋವೂ ನಮ್ಮ ಹೆಸರಿಗೇ ಬೀಳುತ್ತದೆ. ಕ್ಷಮಾವಾಣಿಯ ದಿನ ಸೋತವನು ಬರಲೆಂದು ಕಾಯುವುದು ಸರಿಯಲ್ಲ. ಅಂದು ಮೊದಲು ಹೊಸಿಲು ದಾಟಿ ಹೋಗಬೇಕಾದವನು ಗೆದ್ದವನೇ.