ನಾಲ್ವರೂ ಒಟ್ಟಿಗೆ ಮರೆಯುವುದಿಲ್ಲ

ಹೊಳೆಬಾಯಿಯ ಊರುಗಳಿಗೆ ಬಂದುಹೋಗುವವರು ಹೊಸಬರಲ್ಲ. ಶರಾವತಿಯ ನಡುವೆ ತೆಂಗಿನ ತೋಟಗಳನ್ನು ಹೊತ್ತು ಕೂತಿರುವ ಮಾವಿನಕುರ್ವೆಯ ಮಗ್ಗುಲಿಗೇ ಗೇರುಸೊಪ್ಪೆಯ ಮೆಣಸು ಹೊನ್ನಾವರಕ್ಕೆ ಇಳಿದದ್ದು, ಪೋರ್ಚುಗೀಸರ ರಾಯಭಾರಿ ಇಕ್ಕೇರಿಯ ಕಡೆಗೆ ಏರಿಹೋದದ್ದು. ಆದರೆ ಈ ಕಾಲದ ಬಂದುಹೋಗುವವರಲ್ಲಿ ಒಂದು ಬಗೆಯವರ ಬಗ್ಗೆ ನನಗೆ ಸಣ್ಣದೊಂದು ಕಿರಿಕಿರಿ ಇದೆ. ಪರದೇಶಕ್ಕೆ ಹೋಗಿ, ಸಂಬಳ ಕೇಳದೆ ಇಂಗ್ಲಿಷ್ ಕಲಿಸುವ ಸ್ವಯಂಸೇವಕ ಮಾಸ್ತರರು ಮತ್ತು ಅಕ್ಕೋರುಗಳು ಅವರು. ಅವರು ಬರುವುದರ ಬಗ್ಗೆ ತಕರಾರಿಲ್ಲ, ಹೊರಡುವ ರೀತಿಯ ಬಗ್ಗೆ ಇದೆ. ಜಗತ್ತಿನ ಯಾವ ಮೂಲೆಯ ಶಾಲೆಯಾದರೂ ಅವರ ಕಡೆಯ ವಾರಗಳ ದಿನಚರಿ ಒಂದೇ: ಬಾಕಿ ಪಾಠ ಓಡಿಸುವುದು, ಪರೀಕ್ಷೆ ಮುಗಿಸುವುದು, ಪ್ರಮಾಣಪತ್ರ ಬರೆಯುವುದು, ನಾಟಕ ಆಡಿಸುವುದು, ಮನೆಮನೆಯ ಊಟ, ಫೋಟೋ, ಶಾಲು, ಹಾರ, ಕಣ್ಣೀರು. ಉಸಿರಾಡಲು ಪುರಸೊತ್ತಿಲ್ಲದ ಈ ಗಡಿಬಿಡಿಯಲ್ಲಿ ಒಂದು ಕೆಲಸ ಮಾತ್ರ ಬಿಟ್ಟುಹೋಗುತ್ತದೆ: ತಾವಿಲ್ಲದೆಯೂ ಕಲಿಕೆ ನಡೆಯುವಂತೆ ಮಾಡುವುದು. ಕಡೆಯ ವಾರಗಳು ಇರುವುದೇ ಅದಕ್ಕೆ ಎಂಬುದು ನನ್ನ ವಾದ.

1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಶುರುಮಾಡಿದ, ಇಂಥ ಸ್ವಯಂಸೇವಕರ ಸಂಸ್ಥೆಯಾದ ಪೀಸ್ ಕೋರ್‌ನ ತರುಣ ತರುಣಿಯರು ಅದೇ ವರ್ಷ ಭಾರತಕ್ಕೂ ಬಂದರು. ಆಗಿನ ಮೈಸೂರು ರಾಜ್ಯವೂ ಅವರನ್ನು ಕಂಡಿದೆ. ಸಾಮಾನ್ಯವಾಗಿ ಎರಡು ವರ್ಷದ ಸೇವೆ. 1976ರ ಹೊತ್ತಿಗೆ ಆ ಬಾಗಿಲು ಮುಚ್ಚಿತು. ಬಂದವರಲ್ಲಿ ಕೋಳಿ ಸಾಕಣೆ ಕಲಿಸಿದವರೂ ಇದ್ದರು, ಇಂಗ್ಲಿಷ್ ಕಲಿಸಿದವರೂ ಇದ್ದರು. ಕೋಳಿ ಮಾಸ್ತರರು ವಿಮಾನ ಹತ್ತಿದ ಮೇಲೂ ಕೋಳಿಗಳು ಮೊಟ್ಟೆ ಇಡುತ್ತಲೇ ಇರುತ್ತವೆ. ಇಂಗ್ಲಿಷ್ ಅಷ್ಟು ಉಪಕಾರಿಯಲ್ಲ. ಆಡುವವರಿಲ್ಲದಿದ್ದರೆ ಮರುದಿನದಿಂದಲೇ ಬಡಕಲಾಗುತ್ತದೆ. ಆದ್ದರಿಂದ ಭಾಷೆ ಕಲಿಸುವವರು ಹೊರಡುವ ಮುನ್ನ ಉಳಿದವರಿಗಿಂತ ಹೆಚ್ಚು ಯೋಚಿಸಬೇಕು.

ಹೊರಗಿನ ಮಾಸ್ತರರು ಬಾರದಿದ್ದರೆ ನಮ್ಮ ಕರಾವಳಿಯಲ್ಲಿ ಕಲಿಕೆಯೇ ಇರುತ್ತಿರಲಿಲ್ಲವೆಂಬ ಭ್ರಮೆ ಬೇಡ. ಹದಿನಾಲ್ಕನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಇಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡು, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲವೆಂದು ಬರೆದಿಟ್ಟ. ಅವನಿಗಿಂತ ನನಗೆ ಪ್ರಿಯನಾದವನು ಪಿಯೆತ್ರೊ ದೆಲ್ಲಾ ವಾಲ್ಲೆ. ರೋಮಿನ ಶ್ರೀಮಂತ, ಊರೂರು ಸುತ್ತುವ ಹುಚ್ಚಿನವನು. ಪರ್ಷಿಯಾದಲ್ಲಿ ತೀರಿಹೋದ ಹೆಂಡತಿಯ ದೇಹವನ್ನು ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಭಾರತವನ್ನೂ ಸುತ್ತಿ, ವರ್ಷಗಳ ನಂತರ ರೋಮಿನಲ್ಲಿ ಮಣ್ಣುಮಾಡಿದ ಆಸಾಮಿ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ, ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕಾಣಲು ಹೊನ್ನಾವರದಿಂದ ಗೇರುಸೊಪ್ಪೆಗೆ ದೋಣಿಯಲ್ಲಿ ಹೋದ. ಮುಂದೆ ಘಟ್ಟದ ದಾರಿಯ ಗುಡಿಯೊಂದರ ಜಗಲಿಯಲ್ಲಿ ನಾಲ್ವರು ಹುಡುಗರನ್ನು ಕಂಡ. ನೆಲಕ್ಕೆ ಮರಳು ಹರಡಿ, ಒಬ್ಬ ರಾಗವಾಗಿ ಲೆಕ್ಕ ಹೇಳುತ್ತ ಬೆರಳಲ್ಲಿ ಬರೆಯುವುದು, ಉಳಿದವರು ಹಾಗೆಯೇ ಹಾಡಿ ಬರೆಯುವುದು. ಮಾಸ್ತರರ ಸುಳಿವಿಲ್ಲ. ಮರೆತರೆ ತಿದ್ದುವವರು ಯಾರು ಎಂದು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೆ ಮರೆಯಲು ಸಾಧ್ಯವಿಲ್ಲ ಎಂಬರ್ಥದ ಉತ್ತರ ಕೊಟ್ಟರಂತೆ. ಶಿಕ್ಷಣಶಾಸ್ತ್ರದ ದಪ್ಪ ಪುಸ್ತಕಗಳು ಸುತ್ತಿ ಬಳಸಿ ಹೇಳುವುದನ್ನು ಮರಳ ಮೇಲೆ ಕೂತ ಪೋರರು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದರು.

ಇದು ಪ್ರವಾಸಿಯೊಬ್ಬ ಕಂಡ ಚೋದ್ಯ, ಇದರಿಂದ ಏನು ಸಿದ್ಧವಾಗುತ್ತದೆ ಎಂದು ಯಾರಾದರೂ ಕೇಳಬಹುದು. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ ಸ್ಕಾಟ್‌ಲೆಂಡಿನ ಆಂಡ್ರ್ಯೂ ಬೆಲ್ ಅದಕ್ಕೆ ಜವಾಬು. ಸ್ಥಳೀಯ ಶಾಲೆಯ ಮಕ್ಕಳು ಮರಳಲ್ಲಿ ಬರೆಯುವುದನ್ನು ನೋಡಿ ಅದನ್ನೇ ತನ್ನಲ್ಲಿ ತಂದ. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸಿದ. 1797ರಲ್ಲಿ ಅದರ ವರದಿ ಅಚ್ಚಾಯಿತು. ಮದರಾಸು ಪದ್ಧತಿ ಎಂಬ ಹೆಸರಲ್ಲಿ ಅದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಹರಡಿತು. ಇಂಗ್ಲಿಷರ ಮಕ್ಕಳು ಅಕ್ಷರ ತಿದ್ದಲು ನಮ್ಮ ಕಡೆಯ ಮರಳು ಬೇಕಾಯಿತು. ನಮ್ಮ ಮಕ್ಕಳು ಇಂಗ್ಲಿಷ್ ಕಲಿಯಲು ಮಾತ್ರ ಮಾಸ್ತರರು ಸಮುದ್ರ ದಾಟಿ ಬಂದು ಹಲಗೆಯ ಮುಂದೆ ನಿಂತೇ ಇರಬೇಕೆಂಬುದು ಯಾವ ನ್ಯಾಯ?

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ. ಮಗ್ಗಿಗೆ ತಪ್ಪು ಸರಿ ಎಂಬುದು ಖಚಿತ, ಭಾಷೆಗೆ ಹಾಗಲ್ಲ. ನಾಲ್ವರೂ ಒಂದೇ ತಪ್ಪು ಉಚ್ಚಾರವನ್ನು ಒಟ್ಟಿಗೆ ಕಲಿಯಬಹುದು. ಒಪ್ಪುತ್ತೇನೆ. ಆದರೆ ಈ ಸೀಮೆಯ ಮಕ್ಕಳು ಭಾಷೆ ಕಲಿಯುವುದನ್ನು ನೋಡಿ. ಮನೆಯಲ್ಲಿ ಕೊಂಕಣಿಯೋ ನವಾಯತಿಯೋ ಹವ್ಯಕ ಕನ್ನಡವೋ, ಶಾಲೆಯಲ್ಲಿ ಪುಸ್ತಕದ ಕನ್ನಡ, ಮೀನುಪೇಟೆಯಲ್ಲಿ ಇವೆಲ್ಲದರ ಕಲಸುಮೇಲೋಗರ. ಕೊಂಕಣಿಯ ಖಾರ್ವಿ ಹುಡುಗನಿಗೆ ಪೇಟೆಯ ಕನ್ನಡ ಕಲಿಸಲು ಯಾವ ಮಾಸ್ತರರೂ ಬಂದಿರಲಿಲ್ಲ. ಮಾತಾಡುವ ಗರಜು ಇತ್ತು, ನಗುತ್ತ ತಿದ್ದುವ ಜೊತೆಗಾರರಿದ್ದರು, ಸಾಕಾಯಿತು. ಇಂಗ್ಲಿಷಿಗೆ ಆ ಗರಜು ಪೇಟೆಯಲ್ಲಿಲ್ಲ ಎಂಬುದು ನಿಜ. ಹಾಗಾದರೆ ಸ್ವಯಂಸೇವಕರು ಕಡೆಯ ವಾರಗಳಲ್ಲಿ ಹುಟ್ಟಿಸಬೇಕಾದದ್ದು ಆ ಗರಜನ್ನೇ: ಏಳನೆಯವರು ನಾಲ್ಕನೆಯವರಿಗೆ ಕತೆ ಓದಿ ಹೇಳುವುದು, ಜೋಡಿ ಕಟ್ಟಿಕೊಂಡು ಮಾತಾಡುವುದು, ಬೇರೆ ಶಾಲೆಯ ಮಕ್ಕಳಿಗೆ ಕಾಗದ ಬರೆಯುವುದು. ಉಚ್ಚಾರ ತಿದ್ದಲು ಊರಲ್ಲೇ ಉಳಿಯುವ ಶಿಕ್ಷಕರನ್ನು ಜೊತೆಗೆ ಕೂರಿಸಿಕೊಳ್ಳಬೇಕು. 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿದ್ದರ ಹಿಂದಿನ ವಿವೇಕವೂ ಇದೇ: ಕಲಿಸುವವರನ್ನು ತಯಾರು ಮಾಡಿದರೆ ಬಾಳಿಕೆ ಹೆಚ್ಚು.

ಬೀಳ್ಕೊಡುಗೆಯೂ ಬೇಡವೇ, ಮಕ್ಕಳ ಪ್ರೀತಿಗೆ ಬೆಲೆಯಿಲ್ಲವೇ ಎಂದು ಕೆಲವರು ನೊಂದುಕೊಳ್ಳಬಹುದು. ಗ್ಯಾದರಿಂಗ್ ಆಗಲಿ, ಕಡಲೆ ಉಸಲಿ ಹಂಚಲಿ. ದೂರದ ಮುಖವೊಂದನ್ನು ಹತ್ತಿರದಿಂದ ಕಂಡ ಮಗುವಿಗೆ ಜಗತ್ತು ಸ್ವಲ್ಪ ದೊಡ್ಡದಾಗುತ್ತದೆ, ಅದೂ ಲಾಭವೇ. ಆದರೆ ಅದಕ್ಕೆ ಒಂದು ಮಧ್ಯಾಹ್ನ ಸಾಕು. ಹದಿನೈದು ದಿನ ಬೇಡ.

ಬೈಗುಳವೆಲ್ಲ ಪರದೇಶದವರಿಗೇ ಸಲ್ಲಬೇಕಿಲ್ಲ. 2007ರಿಂದ ನಮ್ಮ ಸರ್ಕಾರಿ ಶಾಲೆಗಳ ಒಂದನೇ ತರಗತಿಗೂ ಇಂಗ್ಲಿಷ್ ಬಂತು. 2019ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ಬಂದವು. ಆದರೆ ಖಾಲಿ ಹುದ್ದೆಗಳಿಗೆ ನಾವು ಹುಡುಕಿಕೊಂಡ ಉಪಾಯ, ಶಾಲೆ ಶುರುವಾದ ಮೇಲೆ ಅತಿಥಿ ಶಿಕ್ಷಕರನ್ನು ಕರೆದು, ವರ್ಷ ಮುಗಿಯುತ್ತಲೇ ಬಿಟ್ಟುಬಿಡುವುದು. ಪರದೇಶದ ಸ್ವಯಂಸೇವಕರಿಗಾದರೂ ಹೊರಡುವ ತಾರೀಖು ಬಂದ ದಿನವೇ ಗೊತ್ತಿರುತ್ತದೆ, ಹೋದ ಮೇಲೆ ಕಾಯುವ ಊರೊಂದಿರುತ್ತದೆ. ಇವರಿಗೆ ಮುಂದಿನ ಜೂನಿನಲ್ಲಿ ಇದೇ ಶಾಲೆಯೋ, ಇನ್ನೊಂದೋ, ಯಾವುದೂ ಇಲ್ಲವೋ ತಿಳಿಯದು. ಯಾವ ಮಗು ಎಲ್ಲಿ ಎಡವುತ್ತದೆಂದು ಇವರು ಬರೆದಿಟ್ಟು ಹೋಗಲೆಂದು ಯಾರೂ ಕೇಳುವುದಿಲ್ಲ. ಕೇಳಿದರೂ ಓದಲು ಮುಂದೆ ಬರುವವರು ಯಾರೆಂದು ಗೊತ್ತಿಲ್ಲ. ಸ್ವಯಂಸೇವಕರ ಗಡಿಬಿಡಿಯನ್ನು ಗೇಲಿ ಮಾಡುವುದು ಸುಲಭ. ನಮ್ಮವರೇ ವರ್ಷವರ್ಷವೂ ಹೀಗೆ ಬಂದುಹೋಗುವಂತೆ ಮಾಡಿರುವ ವ್ಯವಸ್ಥೆಗೆ ಗಡಿಬಿಡಿಯೂ ಇಲ್ಲ, ನಾಚಿಕೆಯೂ ಇಲ್ಲ.